ಬಣ್ಣ ಕೂರದ ಜಾಗ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇದು ನಮ್ಮ ಹಿಂದಿನ ಬೀದಿ ಮಧುಕರನಿಗೆ ಆಗಿದ್ದು. ಸಿ.ವಿ. ರಾಮನ್ ನಗರದ ಹಿಂದುಗಡೆ, ಅಪಾರ್ಟ್‌ಮೆಂಟುಗಳ ಮಧ್ಯೆ ಇನ್ನೂ ಒಂಚೂರು ಹಳೇ ಊರು ಉಳ್ಕೊಂಡಿದೆಯಲ್ಲ, ಅಲ್ಲಿ. ಒಂದು ಆಲದ ಮರ, ಬುಡದಲ್ಲಿ ಮುನೇಶ್ವರನ ಕಲ್ಲು, ಪಕ್ಕದಲ್ಲೇ ಕಬ್ಬಿಣದ ಜಾಲರಿ ಮುಚ್ಚಿದ ಬಾವಿ. ಈಗ ಕತ್ತಲಾದ ಮೇಲೆ ನಾವ್ಯಾರೂ ಆ ದಾರೀಲಿ ಬರಲ್ಲ, ಸುತ್ತು ಹಾಕ್ಕೊಂಡೇ ಬರ್ತೀವಿ. ಮೊದಲು ಹಂಗಿರಲಿಲ್ಲ.

ಅವತ್ತು ರಾತ್ರಿ ಹತ್ತೂವರೆ. ಮಧುಕರ್ ಬಸ್ಸಿಳಿದು ನಡ್ಕೊಂಡು ಬರ್ತಿದ್ದ. ಕಂಕುಳಲ್ಲಿ ಪೇಪರ್ ಸುತ್ತಿದ ಮಡ್‌ಗಾರ್ಡು, ಶಿವಾಜಿನಗರದ ಗುಜರಿಯಿಂದ ತಂದಿದ್ದು. ಕೈಯಲ್ಲಿ ಚೀಲ, ಅದರೊಳಗೆ ಎರಡು ಸ್ಪ್ರೇ ಡಬ್ಬ. ಬಣ್ಣ ಕಲಸೋಕೆ ಅಂತ ಆ ಡಬ್ಬದೊಳಗೆ ಒಂದು ಗುಂಡು ಹಾಕಿರ್ತಾರಲ್ಲ, ಹೆಜ್ಜೆ ಹಾಕಿದಾಗೆಲ್ಲ ಅದು ಸದ್ದು ಮಾಡ್ತಿತ್ತು. ಟಕ್... ಟಕ್... ಟಕ್...

ಬಾವಿ ಹತ್ರ ನಿಂತ.

ಟಕ್... ಟಕ್...

ಸದ್ದು ನಿಲ್ಲಲಿಲ್ಲ. ಚೀಲವನ್ನ ಎದೆಗೆ ಅವುಚಿ ಹಿಡ್ಕೊಂಡ, ಒಂದಿಷ್ಟೂ ಅಲ್ಲಾಡದ ಹಾಗೆ. ಆದ್ರೂ ಯಾರೋ ಕೈಲಿ ಹಿಡಿದು ಕುಲುಕಿದ ಹಾಗೆ, ಟಕಟಕಟಕ... ಟಕಟಕಟಕ... ಮರದ ಕಡೆಯಿಂದ ಹರಳೆಣ್ಣೆ ವಾಸನೆ ಬಂತು. ಮುನೇಶ್ವರನ ಮುಂದೆ ದೀಪವೇ ಇರಲಿಲ್ಲ. ಇಪ್ಪತ್ತು ದಿನದಿಂದ ಅಲ್ಲಿ ದೀಪ ಹಚ್ಚೋರೇ ಇಲ್ಲ. ಯಾಕಿಲ್ಲ ಅನ್ನೋದು ಊರಿಗೆಲ್ಲ ಗೊತ್ತು. ಯಾರಿಂದ ಅನ್ನೋದು ಮಾತ್ರ ಅವನೊಬ್ಬನಿಗೇ ಗೊತ್ತಿತ್ತು, ಪಾಪಿ ನನ್ಮಗನಿಗೆ.

ಅವನಿಗೊಂದು ಹುಚ್ಚು. ಸೋದರಮಾವನ ಹಳೇ ಬೈಕನ್ನ ಮನೆ ಹಿಂದೆ ಶೀಟಿನ ಕೆಳಗೆ ಪೂರ್ತಿ ಬಿಚ್ಚಿ, ಒಂದೊಂದೇ ಭಾಗಾನ ಉಪ್ಪುಕಾಗದದಲ್ಲಿ ಉಜ್ಜಿ, ಬಟ್ಟೆ ಒಣಗಿಸೋ ತಂತಿಗೆ ನೇತುಹಾಕಿ, ತಾನೇ ಸ್ಪ್ರೇ ಹೊಡೆಯೋನು. ಒಂದು ಕೋಟು ಹೊಡೆದು ಒಣಗೋ ತನಕ ಕಾಯೋನು, ಆಮೇಲೆ ಇನ್ನೊಂದು. ಕೆಲಸ ಚೆನ್ನಾಗೇ ಮಾಡ್ತಿದ್ದ, ಸುಳ್ಳು ಯಾಕೆ ಹೇಳ್ಲಿ. ಕೆ.ಆರ್. ಪುರದ ಸೌಂದರ್ಯಾ ಅನ್ನೋ ಹುಡುಗಿ ಜೊತೆ ಮದುವೆ ಗೊತ್ತಾಗಿತ್ತು. ಅದೇ ಬೈಕಲ್ಲಿ ಛತ್ರಕ್ಕೆ ಹೋಗ್ಬೇಕು ಅಂತ ಅವನಿಗೆ ಆಸೆ.

ಇಪ್ಪತ್ತು ದಿನದ ಹಿಂದೆ ಒಂದು ರಾತ್ರಿ, ಎಲ್ಲ ಜೋಡಿಸಿ ಆಗಿತ್ತು. ಹೆಡ್‌ಲೈಟ್ ಮಾತ್ರ ಇನ್ನೂ ತಂತಿ ಮೇಲೆ, ಬಣ್ಣ ಹಸಿ. ಅಯ್ಯೋ, ಒಂದು ರಾತ್ರಿ ಕಾಯೋಕಾಗಲ್ವಾ? ಮನಸ್ಸು ತಡೀಲಿಲ್ಲ. ಒಂದೇ ಒಂದು ರೌಂಡು ಅಂತ ಲೈಟಿಲ್ಲದ ಗಾಡೀಲಿ ಹೊರಟ. ಕರೆಂಟ್ ಹೋಗಿತ್ತು. ಆಲದ ಮರದ ತಿರುವಲ್ಲಿ... ಧಡ್!

ಬಿದ್ದಿದ್ದು ಪಿಳ್ಳಮ್ಮ. ಕರೆಂಟ್ ಹೋದ್ರೆ ದಾರಿ ಕತ್ತಲಾಗಬಾರದು ಅಂತ ಮುನೇಶ್ವರನ ದೀಪಕ್ಕೆ ಎಣ್ಣೆ ಹಾಕೋಕೆ ಬಂದಿದ್ದಳು, ಮಹಾತಾಯಿ. ನಮ್ಮೂರಲ್ಲಿ ಯಾರದೇ ಮದುವೆ ಆಗ್ಲಿ, ಮೊದಲ ಅರಿಶಿನ ಹಚ್ಚೋದು ಅವಳೇ. ಬಲಗೈ ಉಂಗುರದ ಬೆರಳು ಅರ್ಧ. ಚಿಕ್ಕಂದಿನಲ್ಲಿ ರಾಗಿ ಮಿಲ್ಲಿಗೆ ಸಿಕ್ಕಿ ಹೋಗಿದ್ದು. ಆ ಕೈಯನ್ನ ಬೈಕಿನ ಮಡ್‌ಗಾರ್ಡಿನ ತಗಡಿನ ಮೇಲೆ ಊರಿ ಏಳೋಕೆ ನೋಡಿದಳು. ಅಂಗೈ ತುಂಬ ಹರಳೆಣ್ಣೆ.

"ಮಧುನಾ? ಒಂಚೂರು ಎತ್ತೋ ಕಂದಾ..."

ಅವನು ಎತ್ತಲಿಲ್ಲ. ಮಡ್‌ಗಾರ್ಡ್ ಹಿಡಿದಿದ್ದ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದ. ಥೂ, ಹೇಳೋಕೂ ನಾಚಿಕೆ ಆಗುತ್ತೆ. ಕೊನೇ ಬೆರಳು ಬಿಡಿಸುವಾಗ ಅವಳ ದನಿ ಬದಲಾಯ್ತು.

"ನಿನ್ನ ಅರಿಶಿನಕ್ಕೆ ಬರ್ತೀನಿ ಕಣೋ. ಬಂದೇ ಬರ್ತೀನಿ."

ಬೆಳಿಗ್ಗೆ ಹಾಲಿನವನು ನೋಡುವಷ್ಟರಲ್ಲಿ ಪ್ರಾಣ ಹೋಗಿತ್ತು. ಅಪಾರ್ಟ್‌ಮೆಂಟಿನ ಜನರೇಟರ್ ಮೇಲೆ ಓಡೋ ಕ್ಯಾಮೆರಾದಲ್ಲಿ ಲೈಟಿಲ್ಲದ ಗಾಡಿಯೊಂದು ಹೋಗೋದು ಕಾಣ್ತಿತ್ತಂತೆ, ಮುಖ ಕಾಣ್ತಿರಲಿಲ್ಲ. ಉಳಿದಿದ್ದು ಮಡ್‌ಗಾರ್ಡಿನ ತಗ್ಗು ಒಂದೇ. ಅದನ್ನ ಮುಚ್ಚಿಬಿಟ್ರೆ ಮದುವೆ. ಮುಚ್ಚದಿದ್ರೆ ಜೈಲು.

ತಗ್ಗು ತಟ್ಟಿ ಎಬ್ಬಿಸಿದ, ಬಣ್ಣ ಹೊಡೆದ. ಬೆಳಗಾಗೋದ್ರಲ್ಲಿ ನಡುವೆ ಅಂಗೈಯಗಲ ಬಣ್ಣ ಹಿಂದೆ ಸರಿದು ಬರೀ ತಗಡು ಕಾಣ್ತಿತ್ತು. ಎಣ್ಣೆ ಸೋಕಿದ ಕಡೆ ಬಣ್ಣ ಕೂರಲ್ಲ, ಅದು ಅವನಿಗೂ ಗೊತ್ತು. ತಿನ್ನರ್ ಹಾಕಿ ಒರೆಸಿದ, ಕೈಗೆ ಬೊಬ್ಬೆ ಬರೋ ತನಕ ಉಜ್ಜಿದ, ಮತ್ತೆ ಹೊಡೆದ. ಮತ್ತೆ ಅದೇ ಕೈ ಗುರುತು. ನಾಲ್ಕು ಬೆರಳು ಉದ್ದ, ಒಂದು ಅರ್ಧ. ಹೆದರಿ ಆ ತಗಡನ್ನೇ ಗುಜರಿಗೆ ಕೊಟ್ಟು ಬೇರೆ ತಂದ. ಬಾವಿ ಹತ್ರ ನಿಂತ ರಾತ್ರಿ ಕಂಕುಳಲ್ಲಿ ಇದ್ದಿದ್ದು ಅದೇ. ಪಿಳ್ಳಮ್ಮನ ಕೈ ಸೋಕದ ತಗಡು.

ಮನೆಗೆ ಬಂದವನೇ ಅದನ್ನ ತಂತಿಗೆ ಕಟ್ಟಿದ. ಡಬ್ಬ ಕುಲುಕಿದ. ಸ್ಸ್ಸ್ಸ್... ಮೊದಲು ಕೆಂಪು ಪ್ರೈಮರ್. ಕಾದ. ಸ್ಸ್ಸ್ಸ್... ಮೇಲೆ ಕಪ್ಪು. ಕನ್ನಡಿ ಹಾಗೆ ಕೂತಿತು ಬಣ್ಣ. ಉಸ್ಸಪ್ಪಾ ಅಂದ.

ಆಗ ಎಲ್ಲೋ 'ಚುರ್' ಅಂತು. ಒದ್ದೆ ಬತ್ತಿ ಹತ್ಕೊಂಡಾಗ ಆಗುತ್ತಲ್ಲ, ಅಂಥ ಸದ್ದು. ಅವನು ನೋಡ್ತಿದ್ದ ಹಾಗೇ ಬಣ್ಣ ಸರೀತು. ಹೆಬ್ಬೆರಳು... ತೋರುಬೆರಳು... ನಡುಬೆರಳು... ಅರ್ಧ ಬೆರಳು... ಕಿರುಬೆರಳು. ಹಿಂದೆ, ಕಿವಿ ಹತ್ರಾನೇ, ಯಾರೋ ಉಸಿರು ಬಿಟ್ಟರು. ತಿರುಗೋ ಧೈರ್ಯ ಬರಲಿಲ್ಲ. ಬೆನ್ನ ಮೇಲೆ ಒಂದು ಕೈ ಕೂತ ಹಾಗಾಯ್ತು. ತಣ್ಣಗೆ... ಜಿಡ್ಡುಜಿಡ್ಡಾಗಿ...

"ಇನ್ನೆಷ್ಟು ದಿನ ಕಂದಾ?"

ಬೆಳಿಗ್ಗೆ ಗೇಟಿನ ಹತ್ರ ರಾಮಯ್ಯ ನಿಂತಿದ್ದ, ಪಿಳ್ಳಮ್ಮನ ಗಂಡ. ದಿನಾ ಒಂದೊಂದು ಮನೆಗೆ ಹೋಗಿ ಅದೇ ಮಾತು ಕೇಳೋನು, ಪಾಪ.

"ಮಧು, ನಿಂಗೆ ಗಾಡಿಗಳ ವಿಷ್ಯ ಗೊತ್ತಲ್ಲಪ್ಪ. ಲೈಟ್ ಇಲ್ದೇ ಓಡಾಡೋ ಗಾಡಿ ಯಾರ್ದಾದ್ರೂ ಐತಾ ಈ ಕಡೆ?"

"ಇಲ್ಲ ತಾತ."

"ನೋಡಿದ್ರೆ ಹೇಳಪ್ಪ."

"ಹೇಳ್ತೀನಿ ತಾತ."

ನಾಲಿಗೆ ಬಿದ್ದು ಹೋಗ್ಲಿಲ್ವಲ್ಲ ಅಂತೀನಿ ನಾನು.

ಚಪ್ಪರದ ದಿನ ಬಂತು. ಮಧುಕರನ್ನ ಮಣೆ ಮೇಲೆ ಕೂರಿಸಿದ್ರು. ಸಂಜೆ ಹೊತ್ತು, ಮನೆ ತುಂಬ ಜನ. ರಾಮಯ್ಯ ಚಪ್ಪರದ ಆಚೆ ನಿಂತು ಒಂದು ಬಟ್ಟಲು ಚಾಚಿದ. "ಇವನಿಗೆ ಅಂತ ಅವಳೇ ಕುಟ್ಟಿಟ್ಟಿದ್ದ ಅರಿಶಿನ. ಹೆಂಡ್ತಿ ಕಳ್ಕೊಂಡೋನು, ನಾನು ಒಳಗೆ ಬರಬಾರ್ದು. ನೀವೇ ಹಚ್ಚಿ." ಮಧುಕರನ ತಾಯಿ ಯಮುನಾ ಕಣ್ಣೊರೆಸ್ಕೊಂಡು ಅದನ್ನೇ ಕಲಸಿದ್ಲು. ಕೆನ್ನೆಗೆ ಹಚ್ಚಿದ್ಲು, ಕೈಗೆ ಹಚ್ಚಿದ್ಲು. ಬೆನ್ನಿಗೆ ಬಂದಾಗ ಕೈ ನಿಂತಿತು.

"ಇದ್ಯಾಕೋ ಇಲ್ಲಿ ಹಿಡೀತಿಲ್ಲ?"

ಮತ್ತೆ ಹಚ್ಚಿದ್ಲು. ಅರಿಶಿನ ಜಾರಿ ಜಾರಿ ಕೆಳಗೆ ಬಂತು. ಇನ್ನೊಬ್ಬಳು ಬಂದು ಗಟ್ಟಿಯಾಗಿ ತಿಕ್ಕಿದ್ಲು. ಬೆನ್ನೆಲ್ಲ ಹಳದಿ. ಮಧ್ಯದಲ್ಲಿ ಬರೀ ಚರ್ಮ. ನಾಲ್ಕು ಉದ್ದ, ಒಂದು ಅರ್ಧ. ಮನೆ ತುಂಬ ಹರಳೆಣ್ಣೆ ವಾಸನೆ.

ರಾಮಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದ. ಯಾರೂ ತಡೀಲಿಲ್ಲ. ಆ ಗುರುತಿನ ಮೇಲೆ ತನ್ನ ಕೈ ಇಟ್ಟ, ಮೆಲ್ಲಗೆ.

"ನಲ್ವತ್ತೆರಡು ವರ್ಷ ಈ ಕೈಯಲ್ಲಿ ಉಂಡಿದೀನಿ ಕಣೋ. ನಂಗೆ ಗೊತ್ತಾಗಲ್ವಾ?"

ಮಧುಕರನ ಹಲ್ಲು ಕಟಕಟ ಅಂತಿತ್ತು. "ಎತ್ತು ಅಂದ್ಳು ತಾತ... ನಾನು ಎತ್ಲಿಲ್ಲ."

ಯಮುನಾ ಕೈಯಿಂದ ಬಟ್ಟಲು ಬಿತ್ತು. ಹೆಣ್ಣಿನ ಕಡೆಯವರಿಗೆ ಆ ರಾತ್ರಿನೇ ಫೋನ್ ಹೋಯ್ತು, ಪೊಲೀಸರಿಗೂ ಹೋಯ್ತು. ಅರಿಶಿನ ಒಣಗೋ ಮೊದಲು ಅವನನ್ನ ಜೀಪಿಗೆ ಹತ್ತಿಸಿದ್ರು. ಸೌಂದರ್ಯಾಳಿಗೆ ಬೇರೆ ಕಡೆ ಮದುವೆ ಆಯ್ತು, ಚೆನ್ನಾಗಿದ್ದಾಳೆ.

ಆ ಬೈಕು ಇವತ್ತಿಗೂ ಸ್ಟೇಷನ್ ಹಿಂದೆ ಬಿದ್ದಿದೆ. ಎರಡು ಮಳೆಗಾಲ ನೆನೆದು ಬಣ್ಣ ಎಲ್ಲ ಎದ್ದಿದೆ, ಟ್ಯಾಂಕು, ಹ್ಯಾಂಡಲ್ಲು, ಎಲ್ಲ ತುಕ್ಕು. ಮಡ್‌ಗಾರ್ಡಿನ ಮೇಲೆ ಅಂಗೈಯಗಲ ಜಾಗಕ್ಕೆ ಮಾತ್ರ ತುಕ್ಕು ಹಿಡಿದಿಲ್ಲ. ಮುಟ್ಟಿದ್ರೆ ಬೆರಳಿಗೆ ಎಣ್ಣೆ ಅಂಟುತ್ತೆ. ಯಾರೋ ಹೇಳಿದ್ದು ಅಲ್ಲ ಇದು, ದೇವರಾಣೆ. ಮುಟ್ಟಿದ ಬೆರಳು ನಂದೇ.