ಪಾಟಾ–ಸಾಟಾ ಪಂದ್ಯ

ಅಯ್ಯೋ ಅತ್ತೆ, ಬಾಯಲ್ಲಿ ಗುಂಡುಪಿನ್ ಇಟ್ಕೊಂಡು ನಗಬೇಡಿ, ನುಂಗಿಬಿಟ್ಟೀರಿ! ನಗೋ ಅಂಥದ್ದು ಏನಿದೆ ಇದರಲ್ಲಿ? ನಿಮ್ಮ ಹೊಲಿಗೆ ಮಿಷನ್ನಿಗೆ ಮೇಜಲ್ಲಿ ಅರ್ಧ ಜಾಗ ಬೇಕು, ಒಪ್ಕೊಂಡೆ. ಎರಡು ಹಳೇ ಕಂಪ್ಯೂಟರಲ್ಲಿ ಒಂದೇ ಉಳೀಬೇಕು, ಅದೂ ಒಪ್ಕೊಂಡೆ. ನಿಮ್ಮ ಮಗಳದ್ದೋ ನಂದೋ... ಯಾವುದು ವೇಗವೋ ಅದು ಮೇಜಿಗೆ, ಸೋತದ್ದು ಗುಜರಿಗೆ. ನಿಮ್ಮದೇ ಮಾತು ತಾನೆ? ಹ್ಞಾಂ. ಅವಳು ಕೆಲಸದಿಂದ ಬರೋಷ್ಟರಲ್ಲಿ ತೀರ್ಪು ಕೊಟ್ಟುಬಿಡಿ.

ನೋಡಿ, ಎರಡರದ್ದೂ ಮುಚ್ಚಳ ಬಿಚ್ಚಿದ್ದೀನಿ. ಇರೋ ಬರೋದೆಲ್ಲ ಈ ಹಾರ್ಡ್ ಡಿಸ್ಕಲ್ಲಿ ಇರುತ್ತೆ, ಈ ಕೇಬಲ್ಲಲ್ಲಿ ಹೊರಗೆ ಬರುತ್ತೆ. ನಂದು ಪಾಟಾ, ಅವಳದು ಸಾಟಾ. ...ಬೈಗುಳ ಅಲ್ಲ ಅತ್ತೆ! ಕೇಬಲ್ ಹೆಸರು! ನಂದು ನೋಡಿ, ಸೊಂಟಪಟ್ಟಿಯಷ್ಟು ಅಗಲ. ಅವಳದು? ಲಾಡಿ! ಪೈಜಾಮದ ಲಾಡಿ! ಅಗಲ ಇದ್ದದ್ದರಲ್ಲೇ ತಾನೆ ಜಾಸ್ತಿ ಹೋಗೋದು?

ಏನು... ಡಬ್ಬದ ಮೇಲಿನದ್ದು ಓದಿಬಿಟ್ರಾ? ಹೌದು, ಅವಳದು ನೂರೈವತ್ತು, ನಂದು ನೂರಾ ಮೂವತ್ಮೂರು. ಸೆಕೆಂಡಿಗೆ ಇಷ್ಟು ಮೆಗಾಬೈಟ್ ಅಂತ. ಅದೆಲ್ಲ ಬರೀ ಬರೆಯೋಕೆ ಅತ್ತೆ! ಒಳಗೆ ತಟ್ಟೆ ತಿರುಗೋದು ಎರಡರಲ್ಲೂ ಒಂದೇ ವೇಗ, ಅದರಿಂದ ಬರೋದು ಸೆಕೆಂಡಿಗೆ ಅರವತ್ತು ಮೆಗಾಬೈಟೂ ದಾಟಲ್ಲ. ಕೇಬಲ್ ಅಗಲ ಕಟ್ಕೊಂಡು ಏನಾಗ್ಬೇಕು? ...ಈಗ ತಾನೆ ಅಗಲಾನೇ ಮುಖ್ಯ ಅಂದೆನಾ? ಅಂದಿರಬಹುದು. ಮೊದಲು ಆ ಹುಬ್ಬು ಇಳಿಸಿ.

ಬನ್ನಿ, ಪಂದ್ಯವೇ ಆಗಿಹೋಗಲಿ. ಎರಡರಲ್ಲೂ ಅವೇ ಮದುವೆ ಫೋಟೋ, ಒಂದೇ ಸಲ ಕಾಪಿ. ರೆಡಿ... ಹೋ! ನೋಡಿ ನೋಡಿ! ಅವಳದು ಹನ್ನೆರಡು ಪರ್ಸೆಂಟ್, ನಂದು ನಲವತ್ತು! ಅರವತ್ತು! ...ನನ್ನ ಡಿಸ್ಕಿನ ಗರಗರ ಕೇಳ್ತಿಲ್ಲ ಅಂತೀರಾ? ಸದ್ದಿಲ್ಲದೆ ಕೆಲಸ ಮಾಡುತ್ತೆ ಪಾಪ, ನಿಮ್ಮ ಅಳಿಯನ ಥರ! ತೊಂಬತ್ತು... ನೂರು! ಗೆದ್ದೆ! ಚಪ್ಪಾಳೆ ಹೊಡೀರಿ ಅತ್ತೆ!

...ನೂರಾ ಒಂದು.

ನೂರಾ ನಾಲ್ಕು... ಅದು... ಉತ್ಸಾಹ ಅತ್ತೆ. ಗೆದ್ದ ಖುಷಿಗೆ. ಕೇಬಲ್ ಯಾಕೆ ಹಿಡ್ಕೊಂಡ್ರಿ? ಎಳೀಬೇಡಿ ಅತ್ತೆ, ಎಳೀ... ಕಿತ್ತೇ ಬಿಟ್ರಾ. ಕೇಬಲ್ ನಿಮ್ಮ ಕೈಯಲ್ಲಿದೆ. ಇಲ್ಲಿ ನೂರಾ ಹದಿನೆಂಟು.

ಅತ್ತೆ... ಬೈದುಬಿಡಿ ಬೇಕಾದ್ರೆ, ಹಾಗೆ ನೋಡಬೇಡಿ.

ಸರಿ! ಡಿಸ್ಕ್ ಸತ್ತುಹೋಗಿದೆ! ಇದು ಕಾಪಿನೂ ಅಲ್ಲ ಎಂಥದ್ದೂ ಅಲ್ಲ, ಫ್ಲಾಪಿಯಿಂದ ಓಡ್ತಿರೋ ಸುಳ್ಳು ಲೆಕ್ಕ. ನಾನೇ ಕೂತು ಬರೆದೆ. ನೂರಕ್ಕೆ ನಿಲ್ಲು ಅಂತ ಬರೆಯೋದೊಂದು ಮರೆತೆ, ಥೂ! ನಾನು ಕಂಪ್ಯೂಟರ್ ಕಲಿತದ್ದೇ ಇದರ ಮೇಲೆ ಅತ್ತೆ. ಗುಜರಿಯವನ ತಕ್ಕಡಿ ಮೇಲೆ ಇದನ್ನ ನೋಡೋಕೆ ನನ್ನ ಕೈಲಿ ಆಗಲ್ಲ.

...ಪ್ಲಗ್ ಯಾಕೆ ತೆಗೆದ್ರಿ? ಮುಚ್ಚಳ ಯಾಕೆ ಹಾಕ್ತಿದ್ದೀರಿ? ಅಡ್ಡ ಯಾಕೆ ಮಲಗಿಸಿದ್ರಿ? ಇಸ್ತ್ರಿ ಪೆಟ್ಟಿಗೆ... ಇಸ್ತ್ರಿ ಪೆಟ್ಟಿಗೆ ಇಡೋಕಾ ಇದರ ಮೇಲೆ? ಎತ್ತರ ಸರಿಯಾಯ್ತಾ? ಅಂದ್ರೆ... ಇದು ಇಲ್ಲೇ ಇರುತ್ತಾ? ಇಡಿ ಅತ್ತೆ, ಇಡಿ! ಬಿಸಿಬಿಸಿಯಾಗೇ ಇಡಿ, ಏನೂ ಆಗಲ್ಲ, ಗಟ್ಟಿ ತಗಡು!