ಹಳೆಯ ದೊರೆಯ ಪದಕ

...ಇಲ್ಲ ಅಮ್ಮಾವ್ರೆ, ಬೇಕಂತ ತಡ ಮಾಡ್ತಿಲ್ಲ ನಾನು. ಕುಲುಮೆ ಕಾಯ್ಬೇಕಲ್ಲ. ಬಂಗಾರ ಏನು ಬೆಣ್ಣೆನಾ, ಇಟ್ಟ ಕೂಡ್ಲೆ ಕರಗೋಕೆ? ಆ ಮಣೆ ಮೇಲೆ ಕೂತ್ಕೊಳ್ಳಿ. ಧೂಳಿಲ್ಲ, ಈಗ ತಾನೇ ಒರೆಸಿದೀನಿ. ಬಿಸಿ ಬಿಯರ್ ತರ್ಲಾ? ಬೇಡ್ವಾ. ಸರಿ. ಹಿಮದಲ್ಲಿ ನಡ್ಕೊಂಡು ಬಂದಿದೀರಲ್ಲ, ಅದಕ್ಕೆ ಕೇಳ್ದೆ. ಗಾಡಿ ಕಟ್ಟಿಸ್ಲಿಲ್ವಾ? ...ಹೌದು, ಅದೂ ನಿಜ. ಗಾಡಿ ನಮ್ಮ ಅಂಗಡಿ ಮುಂದೆ ನಿಂತ್ರೆ ಕ್ರಾಕೋವ್ ಪಟ್ಟಣಕ್ಕೆಲ್ಲ ಗೊತ್ತಾಗತ್ತೆ.

ಭಯ ಬೀಳ್ಬೇಡಿ. ಬಾಗ್ಲು ಹಾಕಿದೀನಿ. ನನ್ನ ಯಜಮಾನ ವಾಲೆಂತಿ ಹೋದ್ಮೇಲೆ ಈ ಅಂಗಡೀಲಿ ನಾನೊಬ್ಳೇ. ತಿದಿ ಒತ್ತೋದೂ ನಾನೇ, ಎರಕ ಹೊಯ್ಯೋದೂ ನಾನೇ.

ಎಲ್ಲಿ, ಕೊಡಿ ಪದಕ. ...ಪೂರ್ತಿ ಕೈಗೆ ಕೊಡಿ ಅಮ್ಮಾವ್ರೆ, ಸರಪಣಿ ಹಿಡ್ಕೊಂಡೇ ಇದ್ರೆ ಹೇಗೆ? ಓಡಿಹೋಗಲ್ಲ ನಾನು.

ಎಷ್ಟು ಬೆಚ್ಚಗಿದೆ. ಎದೆ ಮೇಲೇ ಇತ್ತಲ್ಲ, ಬಟ್ಟೆ ಒಳಗೆ.

ಬೇರೆ ಎಲ್ಲ ಹೋದ್ವಂತೆ, ಅಲ್ವಾ? ಹಳೆಯ ದೊರೆ ತಮ್ಮ ಮುಖ ಇರೋ ಈ ಪದಕಾನ ಬೆರಳೆಣಿಕೆ ಜನಕ್ಕೆ ಕೊಟ್ಟಿದ್ರು. ಹೊಸ ದೊರೆ ಬಂದ ವಾರದಲ್ಲೇ ಒಬ್ಬೊಬ್ರೂ ಕರಗಿಸಿದ್ರು. ಉಳಿದಿದ್ದು ಇದೊಂದೇ. ನಿಮ್ಮ ಯಜಮಾನ್ರು ಇಷ್ಟು ದಿನ ಇಟ್ಕೊಂಡಿದ್ರಲ್ಲ, ಅದೇ ದೊಡ್ಡದು. ನಿಮ್ಮ ಮೈದುನನ್ನ ಹೊಸ ದೊರೆ ಸಿಪಾಯಿಗಳು ಎಳ್ಕೊಂಡು ಹೋಗಿದ್ದು ಇಂಥದ್ದೊಂದು ಪೆಟ್ಟಿಗೇಲಿ ಸಿಕ್ತು ಅಂತಾನೇ ತಾನೆ? ...ಬಿಡಿ, ಆ ಮಾತು ಬೇಡ. ಕಣ್ಣು ಒರೆಸ್ಕೊಳ್ಳಿ.

ನಿಮ್ಮ ಮಗಳು ಹಾಂಕಾಗೆ ಬಳೆ ಮಾಡ್ಬೇಕು ಅಂದ್ರಲ್ಲ. ಮಾಡ್ಕೊಡ್ತೀನಿ. ಮದುಮಗಳ ಕೈಗೆ ಚೆನ್ನಾಗಿರತ್ತೆ. ಮೊದ್ಲು ಒಂದು ಮಾತು ಕೇಳ್ಲಾ? ಕರಗಿಸೋಕೆ ಮುಂಚೆ ಇದನ್ನ ಮೇಣದಲ್ಲಿ ಒಂದ್ಸಲ ಒತ್ಕೊಳ್ತೀನಿ. ಒಂದೇ ಒಂದ್ಸಲ. ಅಡುಗೆಮನೆ ನೆಲ ಅಗೆದು ಹೂತಿಡ್ತೀನಿ, ಯಾರಿಗೂ...

ಸರಿ ಸರಿ, ಕೂತ್ಕೊಳ್ಳಿ. ಬೇಡ ಅಂದ್ರೆ ಬೇಡ. ಮೇಣ ಆದ್ರೂ ಮುಖ ಮುಖಾನೇ, ನೀವು ಹೇಳೋದು ಸರಿ. ಸಿಕ್ಕಿದ್ರೆ ನನ್ನನ್ನ ಮಾತ್ರ ಕೇಳಲ್ಲ, ಯಾರದ್ದು ಇದು ಅಂತಾನೂ ಕೇಳ್ತಾರೆ.

ಯಾಕೆ ನಗ್ತೀರಿ? ...ಓ, ಮುದುಕಿ ಹಳೆಯ ದೊರೆಗೆ ಇಷ್ಟು ನಿಷ್ಠೆಯವಳಾ ಅಂತಾನಾ? ಇಲ್ಲ ತಾಯಿ. ದೊರೆನ ನಾನು ಒಂದ್ಸಲಾನೂ ಹತ್ತಿರದಿಂದ ನೋಡಿಲ್ಲ. ನೀವು ನೋಡಿದೀರಿ. ಹೇಳಿ, ಹೀಗಿದ್ರಾ ಅವ್ರು? ಈ ಕಡೆ ಹಿಡೀತೀನಿ, ಬೆಳಕಿಗೆ.

ಗದ್ದ ಇಷ್ಟು ಚೂಪಿರ್ಲಿಲ್ಲ ಅಂತೀರಿ. ಹೂಂ. ಕಿವಿ? ಕಿವಿ ಟೋಪಿ ಒಳಗಿರ್ತಿತ್ತಾ, ಗೊತ್ತಾಗ್ಲಿಲ್ವಾ.

ನಿಮಗೆ ಹೇಳೋದ್ರಲ್ಲಿ ಇನ್ನೇನಿದೆ, ದೊರೇನೂ ಇಲ್ಲ, ನನ್ನ ಗಂಡಾನೂ ಇಲ್ಲ. ಇದು ದೊರೆ ಮುಖ ಅಲ್ಲ. ವಾಲೆಂತಿನ ಬೆಟ್ಟದ ಮೇಲಿನ ಅರಮನೆಗೆ ಕರೆಸಿದ್ರು. ದೊರೆ ಕೂತಿದ್ದು ಒಂಚೂರು ಹೊತ್ತು. ಇವ್ರು ಮೇಣದಲ್ಲಿ ಮುಖ ತಿದ್ಕೊಂಡು, ಒದ್ದೆ ಬಟ್ಟೇಲಿ ಸುತ್ಕೊಂಡು ಇಳಿದು ಬಂದ್ರು. ಬೇಸಿಗೆ ಬಿಸ್ಲು. ಮನೇಲಿ ಬಿಚ್ಚಿ ನೋಡಿದ್ರೆ ಮೂಗೇ ಇಲ್ಲ, ಎಲ್ಲ ಜಾರಿಹೋಗಿದೆ. ಮತ್ತೆ ಹೋಗಿ, ಮಹಾಸ್ವಾಮಿ ಇನ್ನೊಂದ್ಸಲ ಕೂತ್ಕೊಳ್ಳಿ ಅನ್ನೋಕಾಗತ್ತಾ? ಮೂರು ದಿನ ಊಟ ಬಿಟ್ರು. ಆಮೇಲೆ ಯಾರನ್ನೋ ಕಿಟಕಿ ಹತ್ರ ಕೂರಿಸ್ಕೊಂಡು ಮಾಡಿದ್ರು. ಮೇಲೊಂದು ಗಡ್ಡ, ಒಂದು ಕಿರೀಟ. ದೊರೆ ನೋಡಿ ಖುಷಿಪಟ್ರಂತೆ. ಇಷ್ಟು ಚಿಕ್ಕ ವಯಸ್ಸಿನೋರ ಹಾಗೆ ಕಂಡ್ರೆ ಯಾರಿಗೆ ಬೇಡ? ಅಚ್ಚನ್ನೂ ಅರಮನೆಗೇ ತಗೊಂಡ್ರು.

ಯಾರಾ? ಯಾರೋ ಅಮ್ಮಾವ್ರೆ. ಬೀದೀಲಿ ಹೋಗೋ ಯಾರನ್ನೋ ಕರೆದ್ರು. ಈಗ ನೆನಪೆಲ್ಲಿರತ್ತೆ.

ಇರಿ, ತಿದಿ ಒತ್ಬೇಕು. ಕೆಂಡ ಮಂಕಾಯ್ತು.

...ಏನಂದ್ರಿ? ಚರ್ಚಲ್ಲಾ? ಹೌದು, ನಾನೇ ಅದು. ನೀವು ಗುರುತು ಹಿಡೀತೀರಿ ಅಂದ್ಕೊಂಡಿರ್ಲಿಲ್ಲ. ಭಾನುವಾರ ಭಾನುವಾರ ಎಡಗಡೆ ಕಂಬದ ಹತ್ರ ನಿಲ್ತಿದ್ದೆ. ನೀವು ಪ್ರಸಾದ ತಗೊಂಡು ವಾಪಸ್ ತಿರುಗ್ದಾಗ ಅಲ್ಲಿಂದ ಚೆನ್ನಾಗಿ ಕಾಣ್ತಿತ್ತು. ನಿಮ್ಮ ಆಳು ಒಂದ್ಸಲ ನನ್ನನ್ನ ದಬ್ಬಿದ. ಭಿಕ್ಷೆಯವಳು, ಕಳ್ಳಿ, ಇನ್ನೇನೇನೋ ಅಂದ. ಅವನದ್ದೇನು ತಪ್ಪು? ಹೆಂಗ್ಸಿನ ಎದೆ ಮೇಲಿನ ಬಂಗಾರಾನೇ ಹಾಗೆ ಕಣ್ಣು ಬಿಟ್ಕೊಂಡು ನೋಡೋಳನ್ನ ಇನ್ನೇನಂತ ತಿಳ್ಕೊಳ್ತಾನೆ? ನೀವು ಆವತ್ತು ಇರ್ಲಿ ಬಿಡೋ ಅಂದ್ರಿ. ನನಗೆ ನೆನಪಿದೆ.

ಗಂಡನ ಕೈಕೆಲ್ಸ ಅಲ್ವಾ ಅಮ್ಮಾವ್ರೆ, ಅದಕ್ಕೆ ನೋಡ್ತಿದ್ದೆ. ಇನ್ನೇನಿಲ್ಲ.

ಚಳಿಗಾಲದಲ್ಲಿ ನೀವು ತುಪ್ಪಳದ ಕೋಟು ಹಾಕ್ಕೊಂಡು ಬರ್ತಿದ್ರಿ. ಆಗ ಕಾಣ್ತಿರ್ಲಿಲ್ಲ. ವಸಂತ ಬರೋ ತನಕ ಕಾಯ್ಬೇಕಿತ್ತು.

ನೋಡಿ, ಈ ತುಟಿ ಅಂಚು ನೋಡಿ. ಒಂಚೂರು ಮೇಲಕ್ಕೆ ಹೋಗಿದೆ, ಕಂಡ್ತಾ? ದೊರೆ ಗಂಭೀರವಾಗಿರ್ಬೇಕು ಅಂತ ವಾಲೆಂತಿ ಎಷ್ಟು ತಿದ್ದಿದ್ರೂ ಹೋಗ್ಲಿಲ್ಲ ಅದು. ಕೂತಲ್ಲಿ ಕೂರ್ತಾನೇ ಇರ್ಲಿಲ್ಲ, ಸುಮ್ಸುಮ್ನೆ ನಗೋನು. ಅಪ್ಪ ಕೆಲ್ಸ ಮಾಡ್ತಿದ್ರೆ ಇವನು ಕಿರೀಟ ಯಾವಾಗ ಕೊಡ್ತೀರಿ ಅನ್ನೋನು. ಬಾಯಿ ಮುಚ್ಕೊಂಡು ಕೂರೋ ಅಂಬ್ರೋಝಿ ಅಂತ ನಾನೇ ಸೌಟು ತಗೊಂಡು...

...

ಕುಲುಮೆ ಕೆಂಪಾಯ್ತು. ಇನ್ನು ಬಂಗಾರ ಬೇಗ ಕರಗೋಕೆ ಬಿಳಿಗಾರ ಹಾಕಿದ್ರೆ ಆಯ್ತು.

ಯಾಕಮ್ಮಾವ್ರೆ, ಪದಕ ನೋಡ್ತೀರಿ, ನನ್ನ ಮುಖ ನೋಡ್ತೀರಿ? ನನ್ನ ಕಿವಿ ಯಾಕೆ ಹಾಗೆ ನೋಡ್ತಿದೀರಿ?

ಹೌದು, ಅವನಿಗೆ ನನ್ನ ಕಿವಿನೇ.

ನಿಮ್ಮ ಯಜಮಾನ್ರ ದಂಡಲ್ಲೇ ಹೋದ, ಲಿವೋನಿಯಾ ಯುದ್ಧಕ್ಕೆ. ಅವರು ಗೆದ್ದು ಬಂದ್ರು, ದೊರೆ ಇದನ್ನ ಕೊಟ್ರು. ನಮ್ಮೋನು ಬರ್ಲಿಲ್ಲ. ಎಲ್ಲಿ ಮಣ್ಣು ಮಾಡಿದ್ರೋ, ಮಾಡಿದ್ರೋ ಇಲ್ವೋ, ಹೇಳೋಕೆ ಯಾರೂ ಬರ್ಲಿಲ್ಲ. ಅವನ ಗುರುತು ಅಂತ ಮನೇಲಿ ಏನೂ ಇಲ್ಲ ಅಮ್ಮಾವ್ರೆ, ನಮ್ಮಂಥೋರ ಚಿತ್ರ ಯಾರು ಬರೀತಾರೆ? ಇದ್ದಿದ್ದು ನಿಮ್ಮ ಕೊರಳಲ್ಲಿ ಇದೊಂದೇ.

ಹೇಳ್ಬಾರ್ದು ಅಂದ್ಕೊಂಡಿದ್ದೆ. ಹೇಳಿದ್ರೆ ನಿಮಗೆ ಕರಗಿಸೋದು ಬೇಡ ಅನ್ನಿಸ್ಬಹುದು, ಅನ್ನಿಸಿದ್ರೂ ಬೇಡ ಅನ್ನೋಕಾಗಲ್ಲ. ಮನೇಲಿ ಹಾಂಕಾ ಇದಾಳೆ, ಯಜಮಾನ್ರಿದಾರೆ. ನಿಮ್ಮ ಜಾಗದಲ್ಲಿ ನಾನಿದ್ರೂ ಅನ್ನಲ್ಲ.

ಒಂದು ಕೆಲ್ಸ ಮಾಡ್ತೀರಾ? ಬಂಗಾರ ಕರಗಿಸೋ ಮೂಸೆ ಇಲ್ಲಿದೆ. ನೀವೇ ಹಾಕ್ಬಿಡಿ ಇದನ್ನ. ನನ್ನ ಕೈಲಿ... ಇಕ್ಕಳ ಹಿಡಿಯೋದು ಕಷ್ಟ ಏನಲ್ಲ, ಹೀಗೆ.

ಅಮ್ಮಾವ್ರೆ.

ನಿಮ್ಮ ಕೈಯೂ ಏಳ್ತಾ ಇಲ್ಲ.

ಅಳ್ಬೇಡಿ. ಕೊಡಿ ಇಲ್ಲಿ ಇಕ್ಕಳ, ನಾನೇ ಹಾಕ್ತೀನಿ. ಅವನ ಮುಖ ಕೆಳಗೆ ಮಾಡಿ ಹಾಕ್ತೀನಿ.