ಒಳಮನೆ ಇನ್ನೂ ಬರೆದಿಲ್ಲ

ರಾತ್ರಿ ಹೊತ್ತು ಒಬ್ಬ ಮನೆಗೆ ನಡೆದು ಬರುತ್ತಿದ್ದಾನೆ. ಬಲಗಡೆ ಒಂದು ಬಾವಿ. ಅದರ ರಾಟೆ ತಾನೇ ತಿರುಗುತ್ತದೆ... ಕಿರ್ರ್, ಕಿರ್ರ್. ಅವನು ನಿಲ್ಲುವುದಿಲ್ಲ. ಮುಂದೆ ಆಲದ ಮರ. ಬಿಳಲುಗಳ ನಡುವೆಯೇ ಹಾದು ಬರಬೇಕು. ಟಿಕ್, ಟಿಕ್, ಟಿಕ್... ಅವನ ಹೆಜ್ಜೆ. ಆಲ ದಾಟಿ ಹನ್ನೊಂದು ಹೆಜ್ಜೆಗೆ ಮನೆ. ಬಾಗಿಲು ಹಾಕಿದೆ. ಬಡಿಯುತ್ತಾನೆ. ಟಕ್... ಟಕ್... ಟಕ್.

ಇರಿ, ಈಗಲೇ ಹೆದರಬೇಡಿ. ಇದು ಬರೀ ಒಂದು ಗೇಮ್. ಅಂಗೈಯಗಲದ ಹಳೇ ಗೇಮ್ ಬಾಯ್‌ನಲ್ಲಿ ಆಡುವಂಥದ್ದು. ಬರೆದವನು ನನ್ನ ಸೋದರತ್ತೆ ಕಮಲಾಕ್ಷಿಯ ದೊಡ್ಡ ಮಗ ಧೀರಜ್. ನಾನು ಹೇಳಬೇಕಾದದ್ದು ಆಮೇಲಿನದು. ಅದು ನನ್ನ ತಲೆದೆಸೆಯಲ್ಲೇ ನಡೆದದ್ದು. ಫೋನು ಪಕ್ಕಕ್ಕಿಟ್ಟು ಕೇಳಿ.

ಅತ್ತೆಯ ಗಂಡ ಉಮಾಶಂಕರ ಮಾವ ನೇವಿಯವರು. ಹಿರಿಯೂರಿನಿಂದ ವಿಶಾಖಪಟ್ಟಣಕ್ಕೆ ಹೋದವರು ಅಲ್ಲೇ ನಿವೃತ್ತರಾಗಿ, ಎಂವಿಪಿ ಕಾಲೋನಿಯಲ್ಲಿ ಮೂರನೇ ಮಹಡಿಯ ಫ್ಲಾಟ್ ಕೊಂಡು, ಕೆಲವೇ ವರ್ಷಕ್ಕೆ ತೀರಿಕೊಂಡರು. ಮಕ್ಕಳಿಬ್ಬರು, ಧೀರಜ್ ಮತ್ತು ಸುಮುಖ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು. ಸುಮುಖ ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾನೆ. ಧೀರಜ್‌ಗೆ ವಿಜಯವಾಡದಲ್ಲಿ ಬ್ಯಾಂಕ್ ಗುಮಾಸ್ತನ ಕೆಲಸ ಸಿಕ್ಕಿತು. ನಾನು ಅದೇ ಊರಿಗೆ ವರ್ಗವಾಗಿ ಬಂದಿದ್ದ ಬ್ಯಾಂಕಿನವನು. ಹಾಗಾಗಿ ನಮ್ಮ ಮನೆಯಲ್ಲೇ ಇದ್ದ.

ಸಂಜೆ ಬಂದು ಕಾಫಿ ಕುಡಿದವನೇ ಲ್ಯಾಪ್‌ಟಾಪ್ ತೆಗೆಯುತ್ತಿದ್ದ. ಮೂವತ್ತು ವರ್ಷದ ಹಿಂದಿನ ಆ ಬೂದು ಬಣ್ಣದ ಡಬ್ಬಿಗೆ ಹೊಸ ಗೇಮ್ ಬರೆಯುವುದು ಅವನ ಹುಚ್ಚು. ಲ್ಯಾಪ್‌ಟಾಪಿನಲ್ಲಿ ಬರೆದು, ಮೆಮೊರಿ ಕಾರ್ಡಿಗೆ ಹಾಕಿ, ಕಾರ್ಡನ್ನು ಕ್ಯಾಸೆಟ್ಟಿಗೆ ಸಿಕ್ಕಿಸಿ, ಕ್ಯಾಸೆಟ್ಟನ್ನು ಡಬ್ಬಿಯ ಬೆನ್ನಿಗೆ ಚುಚ್ಚಬೇಕು. ಸ್ವಿಚ್ ಹಾಕಿದರೆ 'ಟಿಂಗ್' ಅನ್ನುತ್ತದೆ. ಪರದೆಗೆ ತನ್ನದೇ ಬೆಳಕಿಲ್ಲ. ದೀಪದ ಕೆಳಗೆ ಹಿಡಿದುಕೊಂಡೇ ಆಡಬೇಕು. ಎಂಟು ಚುಕ್ಕಿ ಅಗಲದ ಚೌಕದಲ್ಲಿ ಕನ್ನಡ ಅಕ್ಷರ ಕೂರಿಸಲು ಅವನು ಒಂದು ತಿಂಗಳು ಒದ್ದಾಡಿದ. "ಬಾವಾ, ಇದು 'ಳ' ತರ ಕಾಣ್ತದಾ?" ಅಂತ ನನ್ನ ಪ್ರಾಣ ತಿನ್ನುತ್ತಿದ್ದ. ತೆಲುಗು ಶಾಲೆಯಲ್ಲಿ ಓದಿದವನು, ಎಲ್ಲಕ್ಕೂ ತೆಲುಗು ತಲೆಕಟ್ಟು ಇಡುತ್ತಿದ್ದ. ನಾನು ಬೈದು ತಿದ್ದಿಸುತ್ತಿದ್ದೆ.

ಒಂದು ದಿನ ಗೇಮ್ ನನ್ನ ಕೈಗೆ ಕೊಟ್ಟ. ಬಾವಿ, ಆಲದ ಮರ ಎಲ್ಲ ನಮ್ಮ ಹಿರಿಯೂರಿನ ಅಜ್ಜಿ ಮನೆ ದಾರಿಯದ್ದೇ. ಕೊನೆಗೆ ಬಾಗಿಲು ಬಡಿದೆ. ಬಾಗಿಲ ಮೇಲೆ ಎರಡು ಪದ ಮೂಡಿದವು. ನಾಳೆ ಬಾ.

ನನಗೆ ಕಸಿವಿಸಿಯಾಯಿತು. ನಮ್ಮ ಕಡೆ ಹಿಂದೆ ಅದನ್ನು ಬಾಗಿಲ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದರು. ರಾತ್ರಿ ಏನೋ ಒಂದು ಬರುತ್ತದೆ... ಮನೆಯವರದ್ದೇ ದನಿಯಲ್ಲಿ ಕರೆಯುತ್ತದೆ. ಬರೆದದ್ದನ್ನು ಓದಿ ವಾಪಸ್ ಹೋಗುತ್ತದೆ. ಮರುದಿನ ಬಂದು ಮತ್ತೆ ಓದುತ್ತದೆ. ಆಂಧ್ರದಲ್ಲೂ ಇದೇ ಮಾತನ್ನು ತೆಲುಗಿನಲ್ಲಿ ಬರೆಯುತ್ತಾರೆ. ಬರಹ ಮಾಸಿದರೆ ಅಜ್ಜಿ ಕತ್ತಲಾಗುವುದರೊಳಗೆ ತಿದ್ದಿ ಬರೆಯುತ್ತಿದ್ದಳು. ಅಳಿಸುವ ಮಾತೇ ಇಲ್ಲ.

"ಇದ್ಯಾಕೋ ಇಲ್ಲಿ?" ಅಂದೆ.

"ಒಳಮನೆ ಇನ್ನೂ ಬರೆದಿಲ್ಲ ಬಾವ," ಅಂದು ನಕ್ಕ. "ಬಾಗಿಲು ತೆಗೆದ್ರೆ ಒಳಗೆ ಏನೂ ಇಲ್ಲ. ಬರೆಯೋ ತನಕ ಇದೊಂದು ಇರಲಿ ಅಂತ."

ಆ ಶುಕ್ರವಾರ ಸಂಜೆ ವಿಶಾಖಪಟ್ಟಣಕ್ಕೆ ಹೊರಟ. ಗೇಮ್ ಡಬ್ಬಿ ನಮ್ಮ ಮನೆಯಲ್ಲೇ ಬಿಟ್ಟು, ಆ ದಾರಿಯಲ್ಲೇ ಹೋಗುವ ಶ್ರೀಕಾಕುಳಂ ಬಸ್ಸು ಹತ್ತಿದ. ರಾತ್ರಿ ಎರಡಕ್ಕೆ ಮನೆ ಹತ್ತಿರದ ಇಸುಕತೋಟದಲ್ಲಿ ಇಳಿದು ಅಮ್ಮನಿಗೆ ಫೋನ್ ಮಾಡಿದ. ಇಳಿದೆ, ಬಾಗಿಲು ತೆಗೆದಿಡು ಅಂದ. ಅತ್ತೆ ಬಾಗಿಲು ತೆಗೆದು ನಿಂತಳು. ಮನೆಗೆ ಎರಡು ಬೀದಿ ಇರುವಾಗ ಯಾವುದೋ ಗಾಡಿ ಅವನನ್ನು ಹೊಡೆದುಹಾಕಿ ಹೋಯಿತು. ಯಾವ ಗಾಡಿಯೋ ಇವತ್ತಿಗೂ ಗೊತ್ತಿಲ್ಲ.

ಮರುದಿನ ಸಂಜೆ ಆಸ್ಪತ್ರೆಯಿಂದ ದೇಹ ಕೊಟ್ಟರು. ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಾಮಮೋಹನ್ ಗಾರು ಬಂದು ಕೈಮುಗಿದು, "ಪೈಕಿ ವದ್ದಂಡಿ," ಅಂದರು. ಮೇಲಕ್ಕೆ ಬೇಡಿ ಅಂತ. ಅಪಮೃತ್ಯು, ಹೊಸಿಲು ದಾಟಿಸಬಾರದು ಅಂತ ಪುರೋಹಿತರೂ ಅಂದರು. ಮನೆಗೆ ಹಿರಿಯ ಗಂಡಸು ಅಂತ ಎಲ್ಲರೂ ನನ್ನ ಮುಖ ನೋಡಿದರು. ಅತ್ತೆ ನನ್ನ ಕೈ ಹಿಡಿದುಕೊಂಡಳು. "ವಿನಾಯಕ, ಒಂದ್ಸಲ ಒಳಗೆ ಕರ್ಕೊಂಡು ಬರ್ರೋ. ಹೊಸಿಲು ದಾಟಿಸಿದ್ರೆ ಸಾಕು."

ಬೇಡ ಅತ್ತೆ ಅಂದೆ.

ಕೆಳಗೆ ಪಾರ್ಕಿಂಗಿನಲ್ಲಿ, ಎರಡು ಸ್ಕೂಟರಿನ ನಡುವೆ ಹತ್ತು ನಿಮಿಷ ಮಲಗಿಸಿದ್ದೆವು. ಅಷ್ಟೇ. ಅವನು ಮನೆಯೊಳಕ್ಕೆ ಬರಲಿಲ್ಲ.

ಅವನ ಬಟ್ಟೆಬರೆ, ಲ್ಯಾಪ್‌ಟಾಪಿನ ಜೊತೆ ಆ ಡಬ್ಬಿಯನ್ನೂ ಅತ್ತೆಗೆ ಕೊಟ್ಟೆ. ಸುಮುಖ ಆಡುವುದು ತೋರಿಸಿಕೊಟ್ಟ. ಅರವತ್ತೆರಡು ವರ್ಷದ ಹೆಂಗಸು, ಆವರೆಗೆ ಫೋನಿನಲ್ಲಿ ಇಸ್ಪೀಟೂ ಆಡಿದವಳಲ್ಲ. ದಿನಾ ರಾತ್ರಿ ಪಾತ್ರೆ ತೊಳೆದಿಟ್ಟು, ಅಡಿಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಟಿಂಗ್. ಟಿಕ್, ಟಿಕ್, ಟಿಕ್. ಬಾವಿ. ಆಲ. ಟಕ್ ಟಕ್ ಟಕ್. ನಾಳೆ ಬಾ. "ಸರಿನಪ್ಪ, ನಾಳೆ," ಅಂದು ಸ್ವಿಚ್ ಆರಿಸಿ ಮಲಗುತ್ತಿದ್ದಳು. ಎಂಟು ತಿಂಗಳು ಹೀಗೇ. ಅಮ್ಮನಿಗೆ ಹಾಗಾದರೂ ನಿದ್ದೆ ಬರುತ್ತಿದೆಯಲ್ಲ ಅಂತ ಸುಮುಖ ಸುಮ್ಮನಿದ್ದ.

ಒಂದು ರಾತ್ರಿ ಹನ್ನೊಂದೂವರೆಗೆ ಅವನ ಫೋನು ಬಂತು. ಪಿಸುದನಿಯಲ್ಲಿ ಮಾತಾಡುತ್ತಿದ್ದ.

"ಬಾವಾ, ಅಮ್ಮ ಅಳ್ತಿದಾಳೆ. ಆ ಎರಡು ಮಾತು ತೆಗೆದುಬಿಡು ಅಂತಾಳೆ."

"ಯಾಕಂತೆ?"

"ದಿನಾ ಕರ್ಕೊಂಡು ಬರೋಳೂ ನಾನೇ, ದಿನಾ ವಾಪಸ್ ಕಳಿಸೋಳೂ ನಾನೇ ಅಂತಾಳೆ. ನಾನು ಒಳಮನೆ ಬರೀಬಲ್ಲೆ ಬಾವ. ಅಣ್ಣ ಕಲಿಸಿದ್ದ. ಬರೀಲಾ?"

ನನಗೆ ಅಜ್ಜಿಯ ಇದ್ದಿಲು ನೆನಪಾಯಿತು. ಆದರೆ ಒಂದು ಸಲ ಬೇಡ ಅಂದವನು ನಾನು. ಇನ್ನೊಂದು ಸಲ ಅನ್ನಲು ನಾಲಗೆ ಏಳಲಿಲ್ಲ.

"ಅಳಿಸು," ಅಂದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು.

ಸುಮುಖ ಎರಡು ವಾರ ಕೂತು ಒಂದು ಪುಟ್ಟ ಕೋಣೆ ಬರೆದ. ಒಲೆ, ಕುರ್ಚಿ, ಗೋಡೆಗೊಂದು ದೀಪ. ಆ ಶನಿವಾರ ನಾನೂ ವಿಶಾಖಪಟ್ಟಣಕ್ಕೆ ಹೋದೆ. ರಾತ್ರಿ ಊಟವಾದ ಮೇಲೆ ಅತ್ತೆ ಟ್ಯೂಬ್‌ಲೈಟ್ ಕೆಳಗೆ ಕೂತಳು. ನಾವಿಬ್ಬರೂ ಬೆನ್ನ ಹಿಂದೆ ನಿಂತೆವು. ಟಿಂಗ್. ಬಾವಿ. ಆಲ. ಹನ್ನೊಂದು ಹೆಜ್ಜೆ. ಟಕ್... ಟಕ್... ಟಕ್.

ಬಾಗಿಲು ತೆರೆಯಿತು. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಮನುಷ್ಯ ಒಳಗೆ ಬಂದು ದೀಪದ ಕೆಳಗೆ ನಿಂತ.

"ಬಂದ," ಅಂದಳು ಅತ್ತೆ. ಮುಖದಲ್ಲಿ ನಗು ಬಂತು. ನನಗೂ ಎದೆ ಹಗುರಾಯಿತು. ಸುಳ್ಳೇನು ಹೇಳಲಿ, ನಾನೂ ಅತ್ತುಬಿಟ್ಟೆ.

"ಇನ್ನೊಂದ್ಸಲ ಬರಲಿ," ಅಂದು ಅತ್ತೆ ಸ್ವಿಚ್ ಆರಿಸಿ ಮತ್ತೆ ಹಾಕಿದಳು. ಟಿಂಗ್. ದಾರಿ ಬಂತು. ಬಾವಿ ಇತ್ತು, ಆಲ ಇತ್ತು... ಅವನಿರಲಿಲ್ಲ. ಬಟನ್ ಒತ್ತಿದರೆ ಹೆಜ್ಜೆ ಸದ್ದು ಬರುತ್ತದೆ. ಟಿಕ್, ಟಿಕ್. ದಾರಿ ಸರಿಯುತ್ತದೆ. ನಡೆಯುವವರಿಲ್ಲ.

ಸುಮುಖ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿ ನೋಡಿದ. ಅಲ್ಲಿ ಮನುಷ್ಯ ನಡೆಯುತ್ತಾನೆ. ತಿರುಗಿ ಡಬ್ಬಿಗೆ ಹಾಕಿದರೆ ಇಲ್ಲ. ಧೀರಜ್ ಬರೆದಿದ್ದ ಹಳೆಯದನ್ನೇ ವಾಪಸ್ ಹಾಕಿದ. ಅದರಲ್ಲೂ ಇಲ್ಲ. "ಏನೋ ತಪ್ಪು ಮಾಡಿದೀಯ, ಸರಿಯಾಗಿ ನೋಡು," ಅಂತ ಗದರಿದೆ.

"ಅದಿ ಕಾದು, ಅದಲ್ಲ ಬಾವ, ತಪ್ಪು ಏನೂ ಇಲ್ಲ," ಅಂದ. "ಬೊಂಬೆ ಇದೆ. ಇಲ್ಲಿ ಇದೆ... ಅಲ್ಲಿ ಇಲ್ಲ."

ಅತ್ತೆ ಮಾತ್ರ ಗಾಬರಿಯಾಗಲಿಲ್ಲ. "ಒಳಗೆ ಬಂದಾಯ್ತಲ್ಲ, ಇನ್ನು ದಾರೀಲಿ ಯಾಕಿರ್ತಾನೆ? ಮಲಗಿ ನೀವು," ಅಂದಳು. ಮುಂಬಾಗಿಲಿನ ಚಿಲಕ ತೆಗೆದು, ಬಾಗಿಲು ಓರೆ ಮಾಡಿ, ದೀಪ ಆರಿಸಿ, ಅಡಿಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಸುಮುಖ ಕೋಣೆಗೆ ಹೋದ. ನಾನು ಹಾಲಿನಲ್ಲಿ ಚಾಪೆ ಹಾಸಿಕೊಂಡೆ.

ನಿದ್ದೆ ಎಲ್ಲಿಂದ ಬರಬೇಕು. ಫ್ಯಾನು ತಿರುಗುತ್ತಿತ್ತು. ಫ್ರಿಜ್ಜು ಗುಂಯ್ ಅನ್ನುತ್ತಿದ್ದುದು ನಿಂತಿತು. ಆಮೇಲೆ ಲಿಫ್ಟಿನ ಮೋಟಾರು... ಕೆಳಗಿನಿಂದ ಮೇಲಕ್ಕೆ. ನಮ್ಮ ಮಹಡಿಯಲ್ಲೇ ನಿಂತಿತು. ಗ್ರಿಲ್ಲು ಸರಿಯಿತು. ಕಡಕ್... ಸರ್ರ್.

ಹೊಸಿಲಿನ ಆಚೆ ಯಾರೋ ಚಪ್ಪಲಿ ಬಿಟ್ಟರು. ಚಟ್. ಸ್ವಲ್ಪ ಹೊತ್ತು... ಚಟ್.

ಬರಿಗಾಲಿನ ಹೆಜ್ಜೆ ಒಳಗೆ ಬಂತು. ಬೆವರಿದ ಪಾದ ಟೈಲ್ಸಿನಿಂದ ಕಿತ್ತುಕೊಳ್ಳುವ ಸದ್ದು. ಪಚ್... ಪಚ್... ಎಡಕ್ಕೆ ಅಡಿಗೆಮನೆ. ಅಲ್ಲಿ ಅತ್ತೆ ಕೂತಿದ್ದಾಳೆ, ಆರು ಹೆಜ್ಜೆ ದೂರ. ದೇವರೇ, ಎಡಕ್ಕೆ ಹೋಗಲಿ ಅಂದುಕೊಂಡೆ. ಹೆಜ್ಜೆ ಎಡಕ್ಕೆ ಹೋಗಲಿಲ್ಲ. ನನ್ನ ತಲೆಯ ಹತ್ತಿರ ಬಂದು ನಿಂತಿತು. ನಾನು ಕಣ್ಣು ತೆರೆಯಲಿಲ್ಲ. ಹೆದರಿಕೆ ಇತ್ತು, ಅದಕ್ಕಿಂತ ನಾಚಿಕೆ ಇತ್ತು.

ಅತ್ತೆಯ ದನಿ ಮೆಲ್ಲಗೆ ಬಂತು. "ಬಂದ್ಯಾ?"

ನನ್ನ ತಲೆಯ ಹತ್ತಿರದ ಹೆಜ್ಜೆ ಕದಲಲಿಲ್ಲ.

"ವಿನಾಯಕ... ನಿನಗೇನಾದ್ರೂ ಕೇಳಿಸ್ತೇನೋ?"

"ಇಲ್ಲ ಅತ್ತೆ," ಅಂದೆ.

ಬೆಳಗಿನ ತನಕ ಕಣ್ಣು ಮುಚ್ಚಿಕೊಂಡೇ ಇದ್ದೆ. ಬಂದ ಸದ್ದು ಕೇಳಿದ್ದೆ. ಹೋದ ಸದ್ದು ಬರಲಿಲ್ಲ.

ಬೆಳಕು ಹರಿದಾಗ ಅತ್ತೆ ಅದೇ ಕುರ್ಚಿಯಲ್ಲಿದ್ದಳು. ಮಡಿಲಲ್ಲಿ ಡಬ್ಬಿ. "ಬರಲಿಲ್ಲ ಕಣೋ," ಅಂದಳು. ಮೊದಲು ರಾತ್ರಿಗೊಂದು ಸಲವಾದರೂ ಬಾಗಿಲ ತನಕ ಅವನನ್ನು ಕರೆತರುತ್ತಿದ್ದಳು. ಈಗ ಅದೂ ಇಲ್ಲ. ಇವತ್ತಿಗೂ ದಿನಾ ಸ್ವಿಚ್ ಹಾಕಿ ಆ ಖಾಲಿ ದಾರಿಯನ್ನು ಬಾವಿಯಿಂದ ಬಾಗಿಲ ತನಕ ಸರಿಸುತ್ತಾಳಂತೆ. ಸುಮುಖ ಹೊಸ ಸೆಲ್ ತರುವುದು ನಿಲ್ಲಿಸಿದ. ಅವಳೇ ಕೆಳಗಿಳಿದು ಹೋಗಿ ತರುತ್ತಾಳೆ. ನನಗೆ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ, ಆ ರಾತ್ರಿ ನಿಜವಾಗಿಯೂ ಏನೂ ಕೇಳಿಸಲಿಲ್ಲವಾ ಅಂತ. ನಾನು ಇಲ್ಲ ಅನ್ನುತ್ತೇನೆ. ಆ ತಾಯಿಗೆ ಇನ್ನೇನು ಹೇಳಲಿ?

ನಿಮಗೆ ಮಾತ್ರ ಇದ್ದದ್ದು ಹೇಳುತ್ತೇನೆ. ಕನಸು ಬಿದ್ದಿರಬೇಕು ಅಂತ ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡು ಆ ಬೆಳಿಗ್ಗೆ ಬ್ಯಾಗು ಎತ್ತಿಕೊಂಡು ಕೆಳಗಿಳಿದೆ. ಗೇಟಿನಲ್ಲಿ ವಾಚ್‌ಮನ್ ಇದ್ದ. ಹೊಸಬ, ಧೀರಜ್ ಹೋದ ಮೇಲೆ ಸೇರಿದವನು. ಹೊರಗಿನವರು ಬಂದರೆ, ಹೋದರೆ ರಿಜಿಸ್ಟರಿನಲ್ಲಿ ಅವನೇ ಬರೆಯುತ್ತಾನೆ. ಪುಟ ತೆಗೆದ. ಶನಿವಾರ ಸಂಜೆ ಐದಕ್ಕೆ ನಾನು ಬಂದದ್ದು ಒಂದು ಸಾಲು. ಅದರ ಕೆಳಗೆ ಇನ್ನೊಂದು ಸಾಲು. ಹೆಸರು, ಧೀರಜ್. ಸಮಯ, ರಾತ್ರಿ ಎರಡು ಹತ್ತು. ಯಾರನ್ನು ನೋಡಲು ಅನ್ನುವ ಜಾಗದಲ್ಲಿ ಅತ್ತೆಯ ಹೆಸರಿರಲಿಲ್ಲ. ನನ್ನ ಹೆಸರಿತ್ತು.

"ಇದು ಯಾರು?" ಅಂತ ತೆಲುಗಿನಲ್ಲಿ ಕೇಳಿದೆ.

"ಬಾವಗಾರಿ ಕೋಸಂ ವಚ್ಚಾನನ್ನಾರಂಡಿ," ಅಂದ. ಬಾವನಿಗೋಸ್ಕರ ಬಂದೆ ಅಂದರಂತೆ.

ಅವನು ಗಡಿಯಾರ ನೋಡಿ, ನನ್ನ ಸಾಲಿನ ಕೊನೆಗೆ ಹೊರಗೆ ಹೋದ ಸಮಯ ಬರೆದ. ಆರು ಇಪ್ಪತ್ತು. ಆಮೇಲೆ ನನ್ನ ಹೆಗಲಾಚೆ ಒಂದು ಸಲ ನೋಡಿ, ನಾನು ಕೇಳದೆಯೇ, ಕೆಳಗಿನ ಸಾಲಿಗೂ ಅದೇ ಬರೆದು ಪುಸ್ತಕ ಮುಚ್ಚಿದ.